ಫಲಾವಳಿಯ ಚೆಂಡು

ಪಾತ್ರೆ ಅಂಗಡಿಯ ಸದಾಶಿವಪ್ಪನಿಗೆ ಬೇಕಾಗಿದ್ದದ್ದು ಒಂದು ಮಾದಲಕಾಯಿ. ಸಿಕ್ಕಿದ್ದು ಹೆಂಗಸರ ಫುಟ್‌ಬಾಲ್ ತಂಡ.

ಶಿರಸಿ ಪೇಟೆಯ ಗಣಪತಿಯನ್ನು ನೀರಿಗೆ ಬಿಡುವ ಮುಂಚೆ, ದೇವರ ತಲೆಯ ಮೇಲೆ ಕಟ್ಟಿದ ಫಲಾವಳಿಯನ್ನು ಸವಾಲಿಗೆ, ಎಂದರೆ ಹರಾಜಿಗೆ, ಹಾಕುತ್ತಾರೆ. ಸೌತೆಕಾಯಿ, ಹೀರೇಕಾಯಿ, ಸಿಂಗಾರ, ಮಾದಲಕಾಯಿ, ಒಂದೊಂದನ್ನೂ ಬಿಚ್ಚಿ ಕೂಗುತ್ತಾರೆ. ಸಂತೆಯಲ್ಲಿ ಹತ್ತು ರೂಪಾಯಿಗೆ ಮೂಸಿ ನೋಡದವರು ಇಲ್ಲಿ ಅದೇ ಸೌತೆಕಾಯಿಗೆ ಸಾವಿರ ಕೂಗುತ್ತಾರೆ. ಇದಕ್ಕೆ ಭಕ್ತಿಯೂ ಒಂದು ಕಾರಣ, ಇಲ್ಲವೆನ್ನಲಾಗದು. ಇನ್ನೊಂದು ಕಾರಣವೆಂದರೆ ಹಿಡಿದ ಸವಾಲಿನ ದುಡ್ಡನ್ನು ಮುಂದಿನ ಚೌತಿಯೊಳಗೆ ಕೊಟ್ಟರಾಯಿತು ಎಂಬ ರೂಢಿ. ಒಂದು ವರ್ಷದ ಆ ಅವಕಾಶ ಪೇಟೆಯ ಎಷ್ಟೋ ಜನರನ್ನು ಒಂದು ರಾತ್ರಿಯ ಮಟ್ಟಿಗೆ ಉದಾರಿಗಳನ್ನಾಗಿ ಮಾಡಿದೆ.

ಆ ವರ್ಷ ಮಾದಲಕಾಯಿಯನ್ನು ಪಕ್ಕದ ಬಟ್ಟೆ ಅಂಗಡಿಯ ನಾಗಪತಿ ಹೆಗಡೆ ಸದಾಶಿವಪ್ಪನಿಗಿಂತ ನೂರು ರೂಪಾಯಿ ಹೆಚ್ಚು ಕೂಗಿ ಹೊಡೆದುಕೊಂಡ. ಹೊಡೆದುಕೊಂಡಿದ್ದಲ್ಲದೆ ಸದಾಶಿವಪ್ಪನ ಕಡೆ ತಿರುಗಿ ನಕ್ಕ. ಆ ನಗು ಸದಾಶಿವಪ್ಪನಿಗೆ ಉರಿಯಿತು. ಮುಂದೆ ಬರುವ ವಸ್ತು ಏನೇ ಇರಲಿ, ಅದು ನನ್ನದೇ ಎಂದು ತೀರ್ಮಾನಿಸಿ ಕೈ ಎತ್ತಿಯೇ ಕೂತ. ಮುಂದೆ ಬಂದದ್ದು, ಹೀರೇಕಾಯಿಗಳ ನಡುವೆ ಜೋತಾಡುತ್ತಿದ್ದ ಒಂದು ಫುಟ್‌ಬಾಲು.

ಶಾಲ್ಮಲಾ ಮಹಿಳಾ ಫುಟ್‌ಬಾಲ್ ತಂಡದವರು ಅದನ್ನು ಕಟ್ಟಿದ್ದರು. ‘ಚೆಂಡು ಹಿಡಿದವರು ಒಂದು ವರ್ಷ ತಂಡದ ಮಾಲೀಕರು’ ಎಂದು ಕೂಗುವವನು ಹೇಳಿದ್ದು ಎಲ್ಲರಿಗೂ ಕೇಳಿಸಿತ್ತು. ಸದಾಶಿವಪ್ಪನಿಗೆ ‘ಮಾಲೀಕರು’ ಎಂಬುದು ಮಾತ್ರ ಕೇಳಿಸಿತು. ನಾಗಪತಿ ಬಿಡಲಿಲ್ಲ, ಇವನೂ ಬಿಡಲಿಲ್ಲ. ಐವತ್ತೊಂದು ಸಾವಿರಕ್ಕೆ ಚೆಂಡು ಸದಾಶಿವಪ್ಪನ ತೊಡೆಯ ಮೇಲೆ ಬಂದು ಕೂತಿತು. ಕೊಡಬೇಕಾದದ್ದು ಮುಂದಿನ ಚೌತಿಗೆ ತಾನೇ ಎಂದು ಅವನು ಹಾಯಾಗಿ ಮಲಗಿದ.

ಮರುದಿನ ಬೆಳಿಗ್ಗೆ ಹೆಂಡತಿ ದಾಕ್ಷಾಯಿಣಿ ರೊಟ್ಟಿ ಬುತ್ತಿ ಕಟ್ಟಿಕೊಡುತ್ತ, "ಏನ್ರಿ, ಇವತ್ತ ನಾ ಅಂಗಡಿಗೆ ಬರಂಗಿಲ್ಲ. ಅಕ್ಕನ ಬಳಗದಾಗ ದಿನಪೂರ್ತಿ ಕಾರ್ಯಕ್ರಮ ಐತಿ" ಎಂದಳು. ಆರು ತಿಂಗಳಿಂದ ಅವಳು ಸಂಜೆ ಸಂಜೆ ಬಳಗದ ವಚನ ಪಾಠಕ್ಕೆ ಹೋಗುತ್ತಿದ್ದಳು. ಎರಡು ಸಲ ಮೊಣಕಾಲು ತರಚಿಕೊಂಡು ಬಂದಿದ್ದಳು. ಮೆಟ್ಟಿಲು ಜಾರುತ್ತವೆ ಎಂದಿದ್ದಳು. ವಚನ ಕಲಿಯಲು ಅಷ್ಟು ಮೆಟ್ಟಿಲು ಯಾಕೆ ಹತ್ತಬೇಕು ಎಂದು ಸದಾಶಿವಪ್ಪ ಕೇಳಿರಲಿಲ್ಲ. ಹೆಂಡತಿಯ ವಿಷಯದಲ್ಲಿ ಅವನು ಹೆಚ್ಚು ಪ್ರಶ್ನೆ ಕೇಳುವವನಲ್ಲ.

"ಹೋಗು, ಹೋಗು. ನೀ ಅಂಗಡ್ಯಾಗ ಮಾಡೂದರ ಏನೈತಿ, ಕೆಳಗ ನಿಂತಿರ್ತಿ ಅಷ್ಟ" ಎಂದ.

ಕೆಳಗೆ ನಿಲ್ಲುವುದೆಂದರೆ ಹೀಗೆ. ಅಂಗಡಿ ಚಿಕ್ಕದು, ಸರಕೆಲ್ಲ ಅಟ್ಟದ ಮೇಲೆ. ಗಿರಾಕಿ ಕೇಳಿದ್ದನ್ನು ತೆಗೆಯಲು ಸದಾಶಿವಪ್ಪ ಏಣಿ ಹತ್ತುತ್ತಾನೆ. ಕೊಡ, ಬಕೀಟು, ಬೋಗುಣಿ, ತಾಟುಗಳನ್ನು ‘ಹಿಡಿ’ ಎಂದು ತಿರುಗಿ ನೋಡದೆ ಕೆಳಗೆ ಎಸೆಯುತ್ತಾನೆ. ದಾಕ್ಷಾಯಿಣಿ ಹಿಡಿಯುತ್ತಾಳೆ. ಮದುವೆಯಾದ ತಿಂಗಳಿಂದ, ಹದಿನಾಲ್ಕು ವರ್ಷ, ಅವಳ ಕೈ ತಪ್ಪಿ ಒಂದು ಲೋಟಕ್ಕೂ ನೆಗ್ಗು ಬಿದ್ದದ್ದಿಲ್ಲ. ಆದ್ದರಿಂದಲೇ ಅದು ಒಂದು ಕೆಲಸ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಅವನು ಬಾಗಿಲು ತೆರೆಯುವ ಹೊತ್ತಿಗೆ ತಂಡದ ನಾಯಕಿ ಚೇತನಾ ಮೆಟ್ಟಿಲ ಮೇಲೆ ಕಾದಿದ್ದಳು. ಕೋಲಸಿರ್ಸಿಯ ಹುಡುಗಿ, ದಿನಾ ಬಸ್ಸಿನಲ್ಲಿ ಬಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು.

"ಸಾಹುಕಾರ್ರೆ, ನಿಮಗೆ ಎಷ್ಟು ಧನ್ಯವಾದ ಹೇಳಿದ್ರೂ ಕಡಿಮೆ. ರಾಜ್ಯದ ಹೊಸ ಲೀಗಿಗೆ ಇವತ್ತು ಸಂಜೆ ಐದರೊಳಗೆ ತಂಡದ ಹೆಸರು ಕೊಡ್ಬೇಕು. ಅವರದ್ದು ಒಂದೇ ಮಾತು, ಆಡುವವ್ರಿಗೆ ಅಭ್ಯಾಸದ ಹೊತ್ತಿಗೂ ಸಂಬಳ ಸಿಗ್ಬೇಕು. ಮಾಲೀಕರು ಫೋನ್ ಮಾಡಿ ಹೌದು ಅಂದ್ರೆ ಆಯ್ತು. ನಾವು ಹದಿನಾರೂ ಜನ ಇವತ್ತು ಕೆಲಸಕ್ಕೆ ರಜೆ ಹಾಕಿದ್ದೇವೆ. ಒಂದು ದಿನ ಪೂರಾ ಆಟಗಾರರಾಗಿ ಇದ್ದು ನೋಡುವ ಅಂತ."

"ಒಳ್ಳೇದಾತು. ಸವಾಲಿಂದು ರೊಕ್ಕ ಮುಂದಿನ ಚೌತಿಗೆ ಮಂಡಳಿಗೆ ಕೊಡ್ತೀನಲ್ಲ."

"ಅದು ಗಣಪತಿದು. ನಮ್ದು ತಿಂಗಳು ತಿಂಗಳು" ಎಂದಳು ಚೇತನಾ ಮೆಲ್ಲಗೆ. "ಒಬ್ಬೊಬ್ಬರಿಗೆ ಹನ್ನೆರಡು ಸಾವಿರ ಹಿಡೀರಿ. ಈಗ ಕೆಲಸದಲ್ಲಿ ಬರೋದೂ ಹೆಚ್ಚು ಕಡಿಮೆ ಅಷ್ಟೇ."

ಸದಾಶಿವಪ್ಪ ಮನಸ್ಸಿನಲ್ಲೇ ಗುಣಿಸಿದ. ತಪ್ಪಾಗಿರಬೇಕೆಂದು ಇನ್ನೊಮ್ಮೆ ಗುಣಿಸಿದ. ತಿಂಗಳಿಗೆ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಊರೆಲ್ಲ ಕಣ್ಣರಳಿಸಿ ನೋಡಿದ ಆ ಐವತ್ತೊಂದು ಸಾವಿರ ಎಂಟು ದಿನ ಕಳೆಯುವುದರೊಳಗೆ ತೀರಿಹೋಗುತ್ತಿತ್ತು.

"ತಂಗಿ, ಹೆಣ್ಮಕ್ಕಳ ಆಟಕ್ಕ ಇಷ್ಟು ರೊಕ್ಕ ಎಲ್ಲಿಂದ ಹುಟ್ಟಬೇಕು? ನೋಡಾಕ ಮಂದಿ ಬರಂಗಿಲ್ಲ. ಬಂದವರು ಟಿಕೀಟು ತಗೊಳ್ಳಂಗಿಲ್ಲ."

"ಹೌದು. ಚಂದ ಆಡಿದ್ರೆ ಬರ್ತಾರೆ. ಚಂದ ಆಡೂಕೆ ಹಗಲು ಬೇಕು. ಹಗಲು ಸಂಬಳ ಕೊಡುವವ್ರದ್ದು. ನಾವು ಮೈದಾನಕ್ಕೆ ಬರೂದು ಸಂಜೆ ಆರಕ್ಕೆ, ದಿನಪೂರ್ತಿ ಕೆಲಸದಲ್ಲಿ ನಿಂತು ನಿಂತು. ಕಾಲು ಉಳುಕಿದ್ರೆ ಮರುದಿನ ಸಂಬಳ ಇಲ್ಲೆ, ಅದಕ್ಕೆ ಹೆದರಿ ಜೋರಾಗಿ ಓಡೂದೂ ಇಲ್ಲೆ. ಅದನ್ನ ನೋಡಿ ನೀವು ಹೆಂಗಸರ ಆಟ ಇಷ್ಟೇ ಅಂತೀರಿ. ಯಾರಾದ್ರೂ ಒಬ್ರು ಮೊದಲು ಶುರು ಮಾಡ್ಬೇಕಲ್ಲ ಸಾಹುಕಾರ್ರೆ. ಈ ವರ್ಷ ಆಗ್ಲಿಲ್ಲ ಅಂದ್ರೆ ತಂಡ ಉಳಿಯೂದಿಲ್ಲ. ಅರ್ಧ ಜನಕ್ಕೆ ಹುಬ್ಬಳ್ಳಿಯಲ್ಲಿ ಜಾಸ್ತಿ ಸಂಬಳದ ಕೆಲಸ ಕರೀತಾ ಉಂಟು. ಆಟ ಇದೆ ಅಂತ ಇಲ್ಲಿ ನಿಂತಿದ್ದಾರೆ, ಅಷ್ಟೇ."

ಅವಳ ಮಾತಿನಲ್ಲಿ ಬೇಡಿಕೆಯ ದನಿ ಇರಲಿಲ್ಲ. ಅದೇ ಸದಾಶಿವಪ್ಪನಿಗೆ ಕಷ್ಟವಾದದ್ದು. ಬೇಡಿದ್ದರೆ ಇಲ್ಲವೆನ್ನಬಹುದಿತ್ತು. ಐದರೊಳಗೆ ಹೇಳುತ್ತೇನೆ ಎಂದು ಕಳಿಸಿದ. ಇಲ್ಲವೆಂದರೆ ಪೇಟೆಯಲ್ಲಿ ಮುಖ ಎತ್ತುವಂತಿಲ್ಲ, ನಾಗಪತಿ ಒಂದು ವರ್ಷ ನಗುತ್ತಾನೆ. ಹೌದೆಂದರೆ ದೀಪಾವಳಿಯೊಳಗೆ ಅಂಗಡಿಯೇ ಸವಾಲಿಗೆ ಬರುತ್ತದೆ.

ಅಷ್ಟರಲ್ಲಿ ಬನವಾಸಿ ಕಡೆಯ ಅಜ್ಜಿಯೊಬ್ಬಳು ಬಂದು ತಾಮ್ರದ ಕೊಡ ಕೇಳಿದಳು. ತಲೆ ತುಂಬ ಎರಡು ಲಕ್ಷ ತುಂಬಿಕೊಂಡು ಸದಾಶಿವಪ್ಪ ಏಣಿ ಹತ್ತಿದ. ಕೊಡ ಸಿಕ್ಕಿತು. "ಹಿಡಿ" ಎಂದು ಎಸೆದ.

ಕೆಳಗೆ ಆದ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಕೊಡ ಉರುಳುತ್ತ ಹೋಗಿ ಅಜ್ಜಿಯ ಕಾಲ ಬಳಿ ನಿಂತಿತು, ಹೊಟ್ಟೆ ಒಳಗೆ ಹೋಗಿತ್ತು. ಅಜ್ಜಿ ಕೊಡವನ್ನೂ ಮೇಲಿನ ಸದಾಶಿವಪ್ಪನನ್ನೂ ನೋಡಿ, "ಯಾರಿಗ್ ಹಿಡಿ ಅಂದ್ಯೋ ಎಪ್ಪಾ?" ಎಂದಳು. ಉತ್ತರಕ್ಕೆ ಕಾಯದೆ ಹೋದಳು.

ಇದರಿಂದ ಅವನು ಬುದ್ಧಿ ಕಲಿಯಬೇಕಿತ್ತು. ಆದರೆ ಹದಿನಾಲ್ಕು ವರ್ಷದ ಅಭ್ಯಾಸ ಬಾಯಿಯಲ್ಲೂ ಕೈಯಲ್ಲೂ ಕೂತಿರುತ್ತದೆ. ಇಡ್ಲಿ ಪಾತ್ರೆ ಬಿದ್ದು ಅದರ ತಟ್ಟೆಗಳು ರಸ್ತೆಯವರೆಗೆ ಓಡಿದವು. ಹನ್ನೊಂದರ ಹೊತ್ತಿಗೆ ಒಂದು ಬಕೀಟನ್ನು ‘ಹಿಡಿ’ ಎಂದು ಎಸೆದಾಗ ಸದ್ದೇ ಆಗಲಿಲ್ಲ. ದಾಕ್ಷಾಯಿಣಿ ಬಂದಳೆಂದು ಸದಾಶಿವಪ್ಪ ಸಂತೋಷದಿಂದ ತಿರುಗಿದ. ಬಕೀಟು ಹಲ್ಲಿನ ಡಾಕ್ಟರು ವಿಘ್ನೇಶ್ವರರ ಭುಜದ ಮೇಲೆ ನೇತಾಡುತ್ತಿತ್ತು.

"ಸದಾಶಿವಪ್ಪ, ಇದು ಆಮೇಲೆ ಮಾತಾಡುವ" ಎಂದರು ಡಾಕ್ಟರು ಭುಜ ಒತ್ತಿಕೊಳ್ಳುತ್ತ. "ನಮ್ಮ ಪರಿಮಳಾ ಬೆಳಿಗ್ಗೆಯಿಂದ ಬಂದಿಲ್ಲ. ನಿಮ್ಮ ತಂಡದಲ್ಲಿ ಆಡ್ತಾಳಂತೆ. ಯಾವ ಡ್ರಾಯರಿನಲ್ಲಿ ಎಂತ ಉಂಟು ಅಂತ ನನಗೆ ಗೊತ್ತಿಲ್ಲ. ಇವರ ಬಾಯಲ್ಲಿ ಹತ್ತಿ ತುಂಬಿಟ್ಟು ಅರ್ಧ ಗಂಟೆ ಆಯ್ತು." ಅವರ ಹಿಂದೆ ಕೆನ್ನೆ ಉಬ್ಬಿಸಿಕೊಂಡ ರೋಗಿಯೊಬ್ಬರು ನಿಂತಿದ್ದರು. ಮಂಚಿಕೇರಿಯಿಂದ ಬಂದವರಂತೆ. ಅವರು ಹೌದೆಂದು ತಲೆಯಾಡಿಸಿದರು.

ಹಿಂದೆಯೇ ಖಾನಾವಳಿಯ ರಾಮ ಬಂದ. ಅವನ ಮುಂಗೈವರೆಗೂ ಹಿಟ್ಟು. "ನಮ್ಮ ಗಂಗೆ ಇಲ್ದೆ ಚಪಾತಿ ನಾನೇ ಲಟ್ಟಿಸ್ದೆ ಮಾರಾಯ್ರೆ. ಒಂದೂ ರೌಂಡ್ ಬರ್ಲಿಲ್ಲ. ಒಬ್ಬರಿಗೆ ಯಲ್ಲಾಪುರ ತಾಲ್ಲೂಕು ಬಡಿಸ್ದೆ, ಇನ್ನೊಬ್ಬರಿಗೆ ಸಿದ್ದಾಪುರ. ಅವರು ಗಡಿ ಹರ್ದು ಬಿಟ್ಟು ಎದ್ದು ಹೋದ್ರು."

ನಾಗಪತಿ ಹೆಗಡೆ ನಗಲು ಬಂದವನಲ್ಲ, ಜಗಳಕ್ಕೆ ಬಂದವನು. "ಎಂತದು ಮಾರಾಯಾ ಇದು ಸದಾಶಿವ? ನಮ್ಮ ಜ್ಯೋತಿ ಇಲ್ಲದ್ದಕ್ಕೆ ಸೀರೆಗೆ ಫಾಲು ಹಚ್ಚೂಕೆ ಜನ ಇಲ್ಲೆ. ಮದುವೆ ಮನೆಯವ್ರು ಅಂಗಡಿಯಲ್ಲೇ ಕೂತಿದ್ದೋ. ನೀನು ಮಾಲೀಕ ಹೌದಲ್ಲ, ಹೇಳು ಈಗ."

ಊಟದ ಹೊತ್ತಿಗೆ ಅಂಗಡಿಯ ಮುಂದೆ ಔಷಧಿ ಅಂಗಡಿಯವರು, ಗ್ಯಾಸ್ ಏಜೆನ್ಸಿಯವರು, ಜೆರಾಕ್ಸ್ ಅಂಗಡಿಯವರು ಎಲ್ಲ ಸೇರಿದ್ದರು. ಹದಿನಾರು ಹೆಂಗಸರು ಒಂದು ದಿನ ಬರದಿದ್ದರೆ ಪೇಟೆ ಇಷ್ಟು ಕುಂಟುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಸದಾಶಿವಪ್ಪನಿಗೆ ಒಳಗೊಳಗೇ ಒಂದು ಸಮಾಧಾನವೂ ಇತ್ತು. ತನ್ನ ಅಂಗಡಿಯಿಂದ ಯಾರೂ ಹೋಗಿಲ್ಲ. ನೆಗ್ಗಿದ ಕೊಡವನ್ನು ಕಾಲಿನಿಂದ ಮೇಜಿನ ಕೆಳಗೆ ಸರಿಸುತ್ತ ಅವನು ಹಾಗೆ ಅಂದುಕೊಂಡ.

"ಎಲ್ಲಾರೂ ಮೈದಾನಕ್ಕ ನಡೀರಿ. ಅಲ್ಲೇ ಮಾತಾಡೂಣು" ಎಂದ. ಹಾಗೆಂದದ್ದು ಉಪಾಯ ಹೊಳೆದು ಅಲ್ಲ, ಅಂಗಡಿಯ ಮುಂದೆ ಜನ ಸೇರಿದ್ದು ನೋಡಿ ಗಿರಾಕಿಗಳು ಸಾವಿನ ಮನೆಯೆಂದು ತಿಳಿದು ದೂರದಿಂದಲೇ ಹೋಗುತ್ತಿದ್ದರೆಂದು.

ಮೈದಾನದಲ್ಲಿ ಬಿಸಿಲು ಬಿದ್ದಿತ್ತು. ಹದಿನಾರು ಹೆಂಗಸರು ಆಡುತ್ತಿದ್ದರು. ಪೇಟೆಯ ಗಂಡಸರು ಅವರ ಆಟವನ್ನು ಹಗಲಿನಲ್ಲಿ ನೋಡಿದ್ದು ಅದೇ ಮೊದಲು. ಚಪಾತಿಯ ಗಂಗೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವಳಂತೆ ಮೂವರ ನಡುವಿನಿಂದ ನುಸುಳಿದಳು. ಡಾಕ್ಟರ ಮುಂದೆ ಸೊಲ್ಲೆತ್ತದ ಪರಿಮಳಾ ಮೈದಾನವೆಲ್ಲ ಕೇಳುವಂತೆ ಕೂಗಿ ಎಲ್ಲರನ್ನೂ ನಿಲ್ಲಬೇಕಾದಲ್ಲಿ ನಿಲ್ಲಿಸುತ್ತಿದ್ದಳು. ಜ್ಯೋತಿ ಬಿದ್ದಳು, ಎದ್ದಳು, ಮತ್ತೆ ಓಡಿದಳು. ನಾಳೆ ಕೆಲಸಕ್ಕೆ ಹೋಗಬೇಕೆಂಬ ಹೆದರಿಕೆ ಆ ಓಟದಲ್ಲಿ ಇರಲಿಲ್ಲ. ನೋಡುತ್ತ ಸದಾಶಿವಪ್ಪನಿಗೆ ಏಕೋ ನಾಚಿಕೆಯಾಯಿತು. ಇಷ್ಟು ದಿನ ಇವರ ದಿನದ ಆಯಾಸವನ್ನು ನೋಡಿ ಆಟ ನೋಡಿದೆವೆಂದು ತಿಳಿದಿದ್ದೆವಲ್ಲ ಎಂದುಕೊಂಡ.

ಎಲ್ಲಕ್ಕಿಂತ ಹೆಚ್ಚಾಗಿ ಅವನ ಕಣ್ಣು ನಿಂತದ್ದು ಆಚೆ ತುದಿಯ ಗೋಲಿನಲ್ಲಿ ನಿಂತವಳ ಮೇಲೆ. ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡ, ಉದ್ದ ಪ್ಯಾಂಟಿನ, ದಪ್ಪ ಕೈಗವಸಿನ ಹೆಂಗಸು. ಗಂಗೆ ಒದ್ದ ಚೆಂಡು ಮೂಲೆಗೆ ಹೋಗುತ್ತಿತ್ತು, ಅಲ್ಲಿ ಅವಳಿದ್ದಳು. ಮೇಲೆ ಹೋಗುತ್ತಿತ್ತು, ಅಲ್ಲಿಯೂ ಅವಳ ಕೈ ಇತ್ತು. ಓಡುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿದ್ದವಳಂತೆ ಹೋಗಿ ನಿಲ್ಲುತ್ತಿದ್ದಳು.

"ಆಕಿ ಯಾರಪಾ, ಗೋಲಿನ್ಯಾಗ? ಏನ್ ಚಂದ ಹಿಡಿತಾಳ" ಎಂದ ಸದಾಶಿವಪ್ಪ.

"ಯಾರೋ ಗೊತ್ತಿಲ್ಲೆ. ಹೊರಗಿಂದ ಕರ್ಸಿದ್ದೋ ಎಂತೋ" ಎಂದ ನಾಗಪತಿ.

ಆಟವನ್ನು ನೋಡುತ್ತಲೇ ಸದಾಶಿವಪ್ಪನ ತಲೆಯಲ್ಲಿ ವ್ಯಾಪಾರ ಎಚ್ಚರವಾಯಿತು. ಚೇತನಾಳನ್ನು ಕರೆದ. ಎಲ್ಲರನ್ನೂ ಬೇಲಿಯ ಬಳಿ ಕೂರಿಸಿದ.

"ನೋಡ್ರಿ, ಇವರು ಪೂರಾ ಬಿಟ್ರ ನಿಮ್ಮ ಅಂಗಡಿ ನಡಿಯಂಗಿಲ್ಲ, ಅದು ಇವತ್ತ ಕಂಡ್ರಿ. ನಾ ಒಬ್ಬನ ಎಲ್ಲಾರಿಗೂ ಕೊಟ್ರ ನಾ ಉಳಿಯಂಗಿಲ್ಲ. ಅದಕ್ಕ ಹಿಂಗ ಮಾಡೂಣು. ಮಧ್ಯಾಹ್ನತನಾ ನಿಮ್ಮಲ್ಲಿ ಕೆಲಸ, ಆಮ್ಯಾಲೆ ಆಟ. ಸಂಬಳ ಪೂರಾ ದಿನದ್ದು. ಯಾರ ಅಂಗಡಿಯಾಕಿ ಆಡ್ತಾಳೋ ಆ ಅಂಗಡಿಯವರ ಕೊಡಬೇಕು. ನಿಮ್ಮ ಅಂಗಡಿ ಹೆಸರು ಅಂಗಿ ಮ್ಯಾಲೆ ಬರ್ತೈತಿ."

"ಅರ್ಧ ದಿನಕ್ಕೆ ಪೂರಾ ಸಂಬಳ ಎಂತಕ್ಕೆ ಕೊಡೂದು?" ಎಂದ ನಾಗಪತಿ.

"ಹುಬ್ಬಳ್ಳಿಯವರು ಇದಕ್ಕಿಂತ ಜಾಸ್ತಿ ಕೊಡ್ತೀವಿ ಅಂತ ಕರ್ದಾರ. ಆದ್ರೂ ಇವರು ಶಿರಸಿ ಬಿಟ್ಟಿಲ್ಲ. ನೀ ಕೊಡೂ ಸಂಬಳಕ್ಕ ಅಂತ ತಿಳ್ಕೊಂಡೀ ಏನು? ಈ ಮೈದಾನಕ್ಕ ನಿಂತಾರ. ಇಷ್ಟು ದಿನ ನಿಮಗ ಅಗ್ಗಕ್ಕ ಮಂದಿ ಸಿಕ್ಕಿದ್ದು ಈ ಆಟದಿಂದ. ಈಗ ಆಟಕ್ಕ ನೀವ ಒಂಚೂರು ತಿರುಗಿ ಕೊಡ್ರಿ. ತಂಡ ಒಡೀತು ಅಂದ್ರ ಪ್ರತಿದಿನಾನೂ ಇವತ್ತಿನ ದಿನಾನ."

ಸದಾಶಿವಪ್ಪನಿಗೆ ತನ್ನ ಮಾತು ಕೇಳಿ ತನಗೇ ಆಶ್ಚರ್ಯವಾಯಿತು. ಚೇತನಾ ಅವನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ರಾಮ ತನ್ನ ಹಿಟ್ಟು ಮೆತ್ತಿದ ಕೈ ನೋಡಿಕೊಂಡು ಮೊದಲು ಒಪ್ಪಿದ. ಡಾಕ್ಟರು ಯೋಚಿಸುತ್ತಿದ್ದರು. ಮಂಚಿಕೇರಿಯ ರೋಗಿ ಅವರ ತೋಳು ಹಿಡಿದು ಜೋರಾಗಿ ತಲೆಯಾಡಿಸಿದ್ದರಿಂದ ಅವರೂ ಒಪ್ಪಿದರು. ಮದುವೆ ಮನೆಯವರಿಂದ ಮೂರನೇ ಫೋನು ಬಂದಾಗ ನಾಗಪತಿಯೂ ಒಪ್ಪಿದ.

"ಆದ್ರೆ ಒಂದು ಮಾತು" ಎಂದ ನಾಗಪತಿ. "ನಾಳೆ ಯಾರೂ ಹಿಂದೆ ಸರೀಬಾರ್ದು. ಗಣಪತಿ ಮೇಲೆ ಆಣೆ ಇಡುವ. ನೀನೇ ಮೊದ್ಲು ಇಡು."

ಸದಾಶಿವಪ್ಪ ಸಂತೋಷದಿಂದ ಆಣೆ ಇಟ್ಟ. ತನ್ನ ಅಂಗಡಿಯಲ್ಲಿ ಯಾರೂ ಸಂಬಳದವರಿಲ್ಲ, ಆಣೆಗೆ ಏನು ಖರ್ಚು. ಹುರುಪು ಹೆಚ್ಚಾಗಿ ಇನ್ನೊಂದು ಮಾತನ್ನೂ ಸೇರಿಸಿದ. "ಆ ಗೋಲಿನಾಕಿಗೆ ಮಾತ್ರ ಎರಡು ಪಟ್ಟು ಕೊಡಬೇಕು. ನಾ ಮಾಲೀಕ ಹೇಳ್ತೀನಿ. ಅಂಥಾ ಕೈ ಇರೂ ಹೆಣ್ಮಗಳನ್ನ ಇಷ್ಟು ದಿನ ಮೂಲ್ಯಾಗ ನಿಂದರಿಸಿದಾವ ಯಾವ ಜಿಪುಣನೋ ಏನೋ."

"ಆಣೆ ಅದಕ್ಕೂ ಸೇರ್ತು" ಎಂದ ನಾಗಪತಿ. ಅವಳು ತನ್ನ ಅಂಗಡಿಯವಳಲ್ಲ ಎಂಬುದು ಅವನಿಗೆ ಖಾತ್ರಿಯಿತ್ತು.

ಐದಕ್ಕೆ ಇನ್ನೂ ಹೊತ್ತಿರುವಾಗಲೇ ಸದಾಶಿವಪ್ಪ ಲೀಗಿನವರಿಗೆ ಫೋನು ಹಚ್ಚಿ, ಹೌದು, ಎಲ್ಲರಿಗೂ ಅಭ್ಯಾಸದ ಹೊತ್ತಿಗೂ ಸಂಬಳ ಉಂಟು, ನನ್ನ ಜವಾಬ್ದಾರಿ ಎಂದ. ಚೇತನಾ ಮುಖ ತಿರುಗಿಸಿ ನಿಂತಳು. ಆಮೇಲೆ, "ಆಟಕ್ಕೆ ಪೂರಾ ದಿನ ಅಲ್ಲ, ಅರ್ಧ ದಿನ ಸಿಕ್ತು ಸಾಹುಕಾರ್ರೆ. ಅಷ್ಟಾದ್ರೂ ಆಯ್ತು" ಎಂದಳು. ಅವಳ ಕಣ್ಣು ತುಂಬಿತ್ತು. ಒಂದು ಪೈಸೆ ಕೈಬಿಡದೆ ಇಷ್ಟು ಪುಣ್ಯ ಸಿಕ್ಕ ದಿನ ಸದಾಶಿವಪ್ಪನ ಬಾಳಿನಲ್ಲಿ ಇನ್ನೊಂದಿರಲಿಲ್ಲ.

"ಕರೀರಿ ಎಲ್ಲಾರನೂ. ಯಾರು ಯಾರ ಅಂಗಡಿಯಾಕಿ, ಹೇಳಿಬಿಡ್ರಿ" ಎಂದ.

ಒಬ್ಬೊಬ್ಬರೇ ಬಂದು ತಂತಮ್ಮ ಮಾಲೀಕರ ಪಕ್ಕ ನಿಂತರು. ಪರಿಮಳಾ ಮಂಚಿಕೇರಿಯವರ ಬಾಯಿಯ ಹತ್ತಿಯನ್ನು ನಿಂತಲ್ಲೇ ತೆಗೆದಳು. ಅವರು ಆಡಿದ ಮೊದಲ ಮಾತು, "ಎರಡು ಪಟ್ಟು ಕೊಡೂದು ಸರಿಯೇ ಆಗ್ತು" ಎಂದು.

ಕೊನೆಗೆ ಗೋಲಿನವಳು ಬಂದಳು. ಅವಳು ಯಾರ ಪಕ್ಕಕ್ಕೂ ಹೋಗಲಿಲ್ಲ. ಸೀದಾ ಸದಾಶಿವಪ್ಪನ ಮುಂದೆ ಬಂದು ನಿಂತು ಟೋಪಿ ತೆಗೆದಳು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು.

"ನಮ್ಮ ಮಾಲೀಕರು ಇವರ" ಎಂದಳು ದಾಕ್ಷಾಯಿಣಿ.

ಸದಾಶಿವಪ್ಪ ಮೊದಲು ಅವಳ ಪ್ಯಾಂಟನ್ನು, ಆಮೇಲೆ ಕೈಗವಸನ್ನು, ಕಡೆಗೆ ಮುಖವನ್ನು ನೋಡಿದ.

"ನೀ ವಚನ ಪಾಠಕ್ಕ ಹೋಗಿದ್ದಿ" ಎಂದ ಕ್ಷೀಣವಾಗಿ.

"ಮುಂಜಾನೆ ಮನ್ಯಾಗ ಓದತೀನಿ. ಸಂಜಿಗೆ ಇಲ್ಲೆ ಬರ್ತೀನಿ. ಗೋಲಿಗೆ ಯಾರೂ ಸಿಗವಲ್ಲರು ಅಂತ ಹುಡುಕಾಕತ್ತಿದ್ದ ಚೇತನಾ ನಮ್ಮ ಅಂಗಡ್ಯಾಗ ಒಂದ್ಸಲ ನಿಂತು ನೋಡಿದಳು, ನೀವು ಬೋಗುಣಿ ಒಗೆಯೂದು, ನಾ ಹಿಡಿಯೂದು. ಬಾ ಅಕ್ಕ ಅಂದಳು. ಹದಿನಾಲ್ಕು ವರ್ಷ ನೀವ ಕಲಿಸಿದ್ದಲ್ಲೇನ್ರಿ."

ನಾಗಪತಿ ಹೆಗಡೆ ನಗಲಿಲ್ಲ. ನಗದೆ ಇರಲು ಅವನು ಪಡುತ್ತಿದ್ದ ಕಷ್ಟ ಮಾತ್ರ ಎಲ್ಲರಿಗೂ ಕಾಣುತ್ತಿತ್ತು. "ಸದಾಶಿವ, ಎರಡು ಪಟ್ಟು ಅಂದ್ರೆ, ಈಗ ಎಷ್ಟು ಕೊಡ್ತಾ ಇದ್ಯೆ? ಅದಕ್ಕೆ ಎರಡು ಹಾಕಿದ್ರಾಯ್ತಲ್ಲ" ಎಂದ.

ಆಸರೆ ಸಿಕ್ಕಿತೆಂದು ಸದಾಶಿವಪ್ಪನ ಮುಖ ಅರಳಿತು. ಸೊನ್ನೆಗೆ ಎರಡು ಪಟ್ಟು ಸೊನ್ನೆಯೇ. ಬಾಯಿ ತೆರೆದ. ಹದಿನೈದು ಹೆಂಗಸರು ಅವನನ್ನೇ ನೋಡುತ್ತಿದ್ದರು. ಆ ಮಾತನ್ನು ಜನರೆದುರು ಆಡಲು ಅವನಿಗೆ ಧೈರ್ಯ ಬರಲಿಲ್ಲ. ದಾಕ್ಷಾಯಿಣಿಯ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಅವಳು ಸುಮ್ಮನೆ ಕಾಯುತ್ತಿದ್ದಳು, ಏಣಿಯ ಕೆಳಗೆ ಕಾಯುವಂತೆ.

"ಎಲ್ಲಾರಿಗೂ ಹನ್ನೆರಡು. ಇಕಿಗೆ ಇಪ್ಪತ್ನಾಕು ಸಾವಿರ" ಎಂದ ಸದಾಶಿವಪ್ಪ. ಆಮೇಲೆ ಕೇಳಿದ, "ಮಧ್ಯಾಹ್ನದ ಮ್ಯಾಲೆ ಅಂಗಡ್ಯಾಗ ಕೆಳಗ ಯಾರು ನಿಂದರ್ತಾರ?"

"ಒಬ್ಬಾಕಿನ್ನ ಸಂಬಳಕ್ಕ ಇಟ್ಕೋರಿ" ಎಂದಳು ದಾಕ್ಷಾಯಿಣಿ. "ಆಕಿ ಕೈ ಚಲೋ ಇದ್ರ ನಮಗೂ ಹೇಳ್ರಿ, ತಂಡಕ್ಕ ಇನ್ನೊಬ್ಬಾಕಿ ಬೇಕು."

ಕತ್ತಲಾಗುವ ಮುಂಚೆ ಇನ್ನೊಂದು ಸುತ್ತು ಆಡಲು ಹೆಂಗಸರು ಹೊರಟರು. ದಾಕ್ಷಾಯಿಣಿ ಎರಡು ಹೆಜ್ಜೆ ಹೋದವಳು ತಿರುಗಿ, ಕೈಯಲ್ಲಿದ್ದ ಚೆಂಡನ್ನು ಮೆಲ್ಲಗೆ ಗಂಡನ ಕಡೆ ಎಸೆದಳು.

"ಹಿಡೀರಿ" ಎಂದಳು.

ಸದಾಶಿವಪ್ಪ ಎರಡೂ ಕೈ ಚಾಚಿದ. ಚೆಂಡು ಅವುಗಳ ನಡುವಿನಿಂದ ಹೋಗಿ, ಎದೆಗೆ ತಗುಲಿ, ಬೇಲಿಯಾಚೆಯ ಗಟಾರಕ್ಕೆ ಬಿತ್ತು. ಎಸೆಯುವುದೊಂದೇ ಗೊತ್ತಿದ್ದ ಆ ಕೈಗಳನ್ನು ಅವನು ಸ್ವಲ್ಪ ಹೊತ್ತು ನೋಡಿಕೊಂಡ. ಆಮೇಲೆ ಪಂಚೆ ಎತ್ತಿ ಕಟ್ಟಿ, ಐವತ್ತೊಂದು ಸಾವಿರದ ಚೆಂಡನ್ನು ತೆಗೆಯಲು ಗಟಾರಕ್ಕೆ ಇಳಿದ.